ಗೆಜ್ಜೆಯ ಊರಿನಲ್ಲೊಂದು ಹೆಬ್ಬೆರಳಿನ ಬೇನೆ

ಹುಪರಿ ಎಂದೊಡನೆ ನಮ್ಮ ಗಡಿಭಾಗದ ಗೃಹಿಣಿಯರ ಕಣ್ಣ ಮುಂದೆ ಬರುವುದು ಬೆಳ್ಳಿಯ ಕಾಲುಗೆಜ್ಜೆ. ಕೊಲ್ಹಾಪುರ ಜಿಲ್ಲೆಯ ಹಾತಕಣಂಗಲೆ ತಾಲೂಕಿನ ಈ ಊರಿನಲ್ಲಿ ಬೆಳ್ಳಿಯನ್ನು ಕರಗಿಸುವುದು, ತಂತಿ ಎಳೆಯುವುದು, ಕೊಂಡಿ ಜೋಡಿಸುವುದು, ಬೆಸುಗೆ ಹಾಕುವುದು, ಮೆರುಗು ಕೊಡುವುದು ಇವೆಲ್ಲ ಮನೆಮನೆಯ ಉದ್ಯೋಗಗಳು. ದೇಶದ ಯಾವ ಮೂಲೆಯ ಮದುಮಗಳ ಕಾಲಿನಲ್ಲಿ ಗೆಜ್ಜೆ ನುಡಿದರೂ ಅದರಲ್ಲಿ ಹುಪರಿಯ ಕೈ ಇದ್ದೀತೆಂದು ಇಲ್ಲಿಯ ಕಾರಾಗೀರರು ಹೆಮ್ಮೆಯಿಂದ ಹೇಳುವುದುಂಟು. ಅಂಥ ಊರಿನಲ್ಲಿ, ಪರರ ಕಾಲುಗಳನ್ನು ಸಿಂಗರಿಸುವುದರಲ್ಲಿಯೇ ಆಯುಷ್ಯ ಕಳೆದ ನಮ್ಮ ಸೋದರಮಾವನವರು ತಮ್ಮ ಕಾಲನ್ನು ನೆಲಕ್ಕೆ ಊರಲಾರದೆ ಹನ್ನೊಂದು ವರ್ಷ ಪಟ್ಟ ಪಾಡನ್ನು ನಾವು ಹತ್ತಿರದಿಂದ ಕಂಡವರು. ಆ ಪಾಡಿನಲ್ಲಿ ಬಹುಭಾಗ ಅನವಶ್ಯಕವಾಗಿತ್ತೆಂಬುದು ನಮಗೆ ತಿಳಿದದ್ದು ತೀರ ತಡವಾಗಿ. ಅದೇ ಈ ಬರಹಕ್ಕೆ ಕಾರಣ.

ಮೊದಲ ಸಲ ಅದು ಬಂದದ್ದು ಒಂದು ಮಳೆಗಾಲದ ರಾತ್ರಿ. ಊಟ ಮಾಡಿ ಸುಖವಾಗಿ ಮಲಗಿದ ಮನುಷ್ಯ ಎರಡು ಗಂಟೆಯ ಸುಮಾರಿಗೆ ಚೀರಿ ಎದ್ದರು. ಬಲಗಾಲಿನ ಹೆಬ್ಬೆರಳಿನ ಬುಡ ಕೆಂಪಗೆ ಊದಿ, ಮಿರಮಿರನೆ ಮಿಂಚುತ್ತಿತ್ತು. ಚೇಳು ಕಡಿಯಿತೆಂದು ಹಾಸಿಗೆ ಝಾಡಿಸಿ ನೋಡಿದ್ದಾಯಿತು. ಹೊದಿಕೆಯ ಅಂಚು ತಗುಲಿದರೂ ಸಹಿಸಲಾಗದು. ಪಕ್ಕದಲ್ಲಿ ಯಾರಾದರೂ ನಡೆದಾಡಿದರೆ ನೆಲ ಅದುರಿದಷ್ಟಕ್ಕೇ ನೋವು. ಬೆಳಗಾದ ಮೇಲೆ ಒಂದು ಸೂಜಿ, ನಾಲ್ಕು ದಿನದ ಮಾತ್ರೆ. ವಾರದೊಳಗೆ ಕಾಲು ಮೊದಲಿನಂತಾಯಿತು. ಎಲ್ಲರೂ ಮರೆತೆವು. ಹದಿನಾಲ್ಕು ತಿಂಗಳ ನಂತರ ಮತ್ತೆ ಬಂತು. ಅನಂತರ ಆರು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ. ಹೆಬ್ಬೆರಳಿನಿಂದ ಹಿಮ್ಮಡಿಯ ಕೀಲಿಗೆ, ಅಲ್ಲಿಂದ ಮೊಣಕಾಲಿಗೆ. ಪ್ರತಿ ಸಲವೂ ಔಷಧದ ಅಂಗಡಿಯಿಂದ ತಂದ ನೋವಿನ ಮಾತ್ರೆಯೇ ಗತಿ. ಕೊನೆಕೊನೆಗೆ ಹೆಸರಿಲ್ಲದ ಪೊಟ್ಟಣದಲ್ಲಿ ಯಾರೋ ಕೊಟ್ಟ ಪುಡಿಯೂ ಆಯಿತು. ಅದು ಮಂತ್ರದಂತೆ ನೋವು ತೆಗೆಯುತ್ತಿತ್ತು, ಮುಖ ಮಾತ್ರ ದಿನದಿನಕ್ಕೆ ಊದಿಕೊಳ್ಳುತ್ತಿತ್ತು. ಹನ್ನೊಂದನೆಯ ವರ್ಷ ಮೊಣಕೈಯ ಮೇಲೆ ಲಿಂಬೆಕಾಯಿಯಷ್ಟು ಗಂಟು, ಕಿವಿಯ ಅಂಚಿನಲ್ಲಿ ಜೋಳದ ಕಾಳಿನಂಥ ಬಿಳಿಯ ಬೊಕ್ಕೆ ಕಾಣಿಸಿಕೊಂಡವು. ಕೊಲ್ಹಾಪುರದಲ್ಲಿ ತಜ್ಞವೈದ್ಯರೊಬ್ಬರಿಗೆ ತೋರಿಸಿದಾಗ ರಕ್ತದಲ್ಲಿ ಯೂರಿಕ್ ಆಮ್ಲ ೯.೪, ಮೂತ್ರಪಿಂಡಗಳ ಶಕ್ತಿ ಸುಮಾರು ಅರ್ಧಕ್ಕೆ ಇಳಿದಿದೆ ಎಂದು ತಿಳಿಯಿತು. ಕಾಲಿನ ರೋಗವೆಂದು ನಾವು ತಿಳಿದದ್ದು ಕಾಲಿನ ರೋಗವೇ ಆಗಿರಲಿಲ್ಲ.

ಈ ಬೇನೆಗೆ ಇಂಗ್ಲಿಷಿನಲ್ಲಿ ಗೌಟ್ ಎಂದು ಹೆಸರು. ನಮ್ಮ ಆಯುರ್ವೇದದಲ್ಲಿ ಇದಕ್ಕೆ ಸಮೀಪವಾದದ್ದು ವಾತರಕ್ತ. ಅದಕ್ಕೆ ಆಢ್ಯವಾತ ಎಂಬ ಪರ್ಯಾಯನಾಮವನ್ನೂ ಪ್ರಾಚೀನರು ಕೊಟ್ಟಿದ್ದಾರೆ. ಆಢ್ಯ ಎಂದರೆ ಸಿರಿವಂತ. ಪಶ್ಚಿಮದವರೂ ಇದನ್ನು ಅರಸರ ರೋಗವೆಂದೇ ಕರೆದರು. ಸುಖದಲ್ಲಿದ್ದು, ಮಾಂಸ ಮದ್ಯಗಳಲ್ಲಿ ಮುಳುಗಿದವನಿಗೆ ದೇವರು ಕೊಟ್ಟ ದಂಡನೆ ಎಂಬ ಭಾವನೆ ಎರಡೂ ಕಡೆ ಬೇರೂರಿದ್ದಿತು, ಈಗಲೂ ಪೂರ್ತಿ ಹೋಗಿಲ್ಲ. ನಮ್ಮ ಸೋದರಮಾವನವರೋ ಮಾಂಸ ಮುಟ್ಟಿದವರಲ್ಲ, ಮದ್ಯ ಕಂಡರಿಯದವರು. ದಿನಕ್ಕೆ ಹತ್ತು ತಾಸು ಚಕ್ಕಳಮಕ್ಕಳ ಹಾಕಿ ಕುಳಿತು ಬೆಸುಗೆ ಹಾಕುವ ಕೂಲಿ ಕಾರಾಗೀರ. “ನಾನೇನು ಪಾಪ ಮಾಡಿದ್ದೆ?” ಎಂದು ಅವರು ಕೇಳಿದಾಗ ನಮ್ಮ ಹತ್ತಿರ ಉತ್ತರವಿರಲಿಲ್ಲ. ವೈದ್ಯರ ಹತ್ತಿರ ಇತ್ತು: ಯೂರಿಕ್ ಆಮ್ಲವನ್ನು ಹೊರಹಾಕುವ ಕೆಲಸದಲ್ಲಿ ಮೂತ್ರಪಿಂಡಗಳ ಮಂದಗತಿ ಬಹುಮಟ್ಟಿಗೆ ಹುಟ್ಟಿನಿಂದ ಬಂದ ಗುಣ. ಅವರ ತಂದೆಯವರಿಗೂ ಮುಪ್ಪಿನಲ್ಲಿ “ಕಾಲು ಹಿಡಿಯುತ್ತಿತ್ತು” ಎಂಬುದು ಆಗ ಎಲ್ಲರಿಗೂ ನೆನಪಾಯಿತು.

ಸಕ್ಕರೆ ಕಾರಖಾನೆಯ ಪಾಠ

ರೋಗದ ಒಳಗುಟ್ಟನ್ನು ತಿಳಿಯಲು ಹುಪರಿಯವರು ದೂರ ಹೋಗಬೇಕಾಗಿಲ್ಲ. ಹುಪರಿ-ಯಳಗೂಡದ ಜವಾಹರ ಸಹಕಾರಿ ಸಕ್ಕರೆ ಕಾರಖಾನೆಯಲ್ಲಿ ಕಬ್ಬಿನ ರಸ ಹರಳುಗಟ್ಟುವುದನ್ನು ನೋಡಿದವರಿಗೆ ಇದು ಅರ್ಧ ತಿಳಿದಂತೆಯೇ. ರಸದಲ್ಲಿ ಸಕ್ಕರೆಯ ಪ್ರಮಾಣ ಒಂದು ಮಿತಿ ದಾಟಿದ ಮೇಲೆ ಅದು ಕರಗಿಯೇ ಇರಲಾರದು. ಒಂದು ಸಣ್ಣ ಕಣ ಸಿಕ್ಕರೆ ಸಾಕು, ಅದರ ಸುತ್ತ ಹರಳು ಬೆಳೆಯುತ್ತದೆ. ನಮ್ಮ ರಕ್ತದಲ್ಲಿಯೂ ಹಾಗೆಯೇ. ಜೀವಕೋಶಗಳು ಸವೆದು ಹೊಸದಾಗುವಾಗ ಮತ್ತು ನಾವು ತಿಂದ ಆಹಾರ ಪಚನವಾಗುವಾಗ ಪ್ಯೂರೀನ್ ಎಂಬ ವಸ್ತು ಒಡೆದು ಯೂರಿಕ್ ಆಮ್ಲವಾಗುತ್ತದೆ. ಇತರ ಬಹುತೇಕ ಸಸ್ತನಿಗಳಲ್ಲಿ ಇದನ್ನು ಮತ್ತೂ ಕರಗಿಸಿಬಿಡುವ ಯೂರಿಕೇಸ್ ಎಂಬ ಕಿಣ್ವವಿದೆ. ಮನುಷ್ಯನ ಪೂರ್ವಜರು ಲಕ್ಷಾಂತರ ವರ್ಷಗಳ ಹಿಂದೆಯೇ ಅದನ್ನು ಕಳೆದುಕೊಂಡರು. ಆದಕಾರಣ ಸುಮಾರು ಮೂರರಲ್ಲಿ ಎರಡು ಪಾಲನ್ನು ಮೂತ್ರಪಿಂಡಗಳೂ ಉಳಿದದ್ದನ್ನು ಕರುಳೂ ಹೊರಹಾಕಬೇಕು. ನೂರು ಮಿಲಿಲೀಟರಿಗೆ ಸುಮಾರು ೬.೮ ಮಿಲಿಗ್ರಾಂ ಮೀರಿದರೆ ಅದು ಹರಳುಗಟ್ಟುವ ಸ್ಥಿತಿಗೆ ಬರುತ್ತದೆ. ದೇಹದಲ್ಲಿ ತಣ್ಣಗಿರುವ ಭಾಗಗಳಲ್ಲಿ, ಅಂದರೆ ಕಾಲ್ಬೆರಳು, ಕಿವಿಯ ಅಂಚು, ಮೊಣಕೈ ಇಂಥಲ್ಲಿ, ಹರಳು ಬೇಗ ಕೂಡುತ್ತದೆ. ಹೆಬ್ಬೆರಳೇ ಮೊದಲ ಬಲಿಯಾಗುವುದು ಇದರಿಂದ.

ಹರಳು ಕೂಡುವುದು ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುವ ಕೆಲಸ. ಯಾವುದೋ ಒಂದು ರಾತ್ರಿ ಬಿಳಿ ರಕ್ತಕಣಗಳು ಆ ಸೂಜಿಯಂಥ ಹರಳುಗಳನ್ನು ಶತ್ರುವೆಂದು ಬಗೆದು ನುಂಗಲು ಹೋಗುತ್ತವೆ. ಇಂಟರ್‌ಲ್ಯೂಕಿನ್-೧ ಎಂಬ ರಾಸಾಯನಿಕ ಕರೆಗೆ ಸೈನ್ಯವೇ ಬಂದು ಸೇರುತ್ತದೆ. ಊತ, ಉರಿ, ನೋವು. ಒಂದೆರಡು ವಾರಗಳಲ್ಲಿ ಈ ಯುದ್ಧ, ಔಷಧ ಕೊಡದಿದ್ದರೂ, ತಾನಾಗಿಯೇ ತಣ್ಣಗಾಗುತ್ತದೆ. ಎಲ್ಲರನ್ನೂ ಮೋಸಗೊಳಿಸುವುದು ಇದೇ. ಯಾವ ಪುಡಿ ಕೊಟ್ಟರೂ, ಯಾವ ದಾರ ಕಟ್ಟಿದರೂ ಹತ್ತು ದಿನಕ್ಕೆ ಗುಣ! ಹರಳು ಮಾತ್ರ ಇದ್ದಲ್ಲಿಯೇ ಇರುತ್ತದೆ, ಬೆಳೆಯುತ್ತಲೇ ಇರುತ್ತದೆ.

ಆದರೆ ಸಕ್ಕರೆಯ ಹರಳನ್ನು ತಿಳಿನೀರಿಗೆ ಹಾಕಿದರೆ ಕರಗುವುದಷ್ಟೆ? ಯೂರಿಕ್ ಆಮ್ಲವನ್ನು ೬ಕ್ಕಿಂತ ಕೆಳಗೆ ಇಳಿಸಿ, ಅಲ್ಲಿಯೇ ನಿಲ್ಲಿಸಿದರೆ ಕೀಲಿನೊಳಗಿನ ಹರಳೂ ಮೆಲ್ಲಮೆಲ್ಲನೆ ಕರಗಿ ಹೋಗುತ್ತದೆ. ಗಂಟುಗಳೂ ಕರಗುತ್ತವೆ. ಸಂಧಿರೋಗಗಳ ದೊಡ್ಡ ಬಳಗದಲ್ಲಿ ಮೂಲವನ್ನೇ ಹೀಗೆ ತೆಗೆಯಲು ಬರುವ ರೋಗಗಳು ವಿರಳ. ಆಧುನಿಕ ಚಿಕಿತ್ಸೆಯ ತಿರುಳು ಇಷ್ಟೇ. ಉಳಿದುದೆಲ್ಲ ಅದರ ವಿವರ.

ಹರಳನ್ನು ಮೊದಲು ಕಂಡವರು

ಹಾಲೆಂಡಿನ ಆಂಟನಿ ಫಾನ್ ಲೇವೆನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದಡಿಯಲ್ಲಿ ಗೌಟಿನ ಗಂಟಿನ ಬಿಳಿಯ ಪುಡಿಯನ್ನಿಟ್ಟು ಸೂಜಿಯಾಕಾರದ ಹರಳುಗಳನ್ನು ವರ್ಣಿಸಿದ್ದು ೧೬೭೯ರಲ್ಲಿ. ಅವು ಯಾವ ವಸ್ತುವೆಂದು ಆತನಿಗೆ ತಿಳಿದಿರಲಿಲ್ಲ. ಲಂಡನ್ನಿನ ಡಾ. ಆಲ್ಫ್ರೆಡ್ ಗ್ಯಾರಡ್ ೧೮೪೮ರಲ್ಲಿ ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿರುವುದನ್ನು ತೋರಿಸಿದನು. ಮುಂದೆ ಆತ ರೂಪಿಸಿದ ಪರೀಕ್ಷೆ ಬಹಳ ಸರಳ: ರಕ್ತದ ತಿಳಿಯಲ್ಲಿ ನೂಲಿನ ಎಳೆಯೊಂದನ್ನು ಅದ್ದಿಟ್ಟು, ಅದರ ಮೇಲೆ ಹರಳು ಕೂಡುವುದನ್ನು ಕಣ್ಣಾರೆ ಕಾಣುವುದು. ಕೀಲಿನ ನೀರನ್ನು ತೆಗೆದು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವನ್ನು ನಿಶ್ಚಯಿಸುವ ಪದ್ಧತಿ ೧೯೬೧ರಲ್ಲಿ ಅಮೆರಿಕದ ಮೆಕಾರ್ಟಿ ಮತ್ತು ಹೊಲಾಂಡರ್ ಇವರಿಂದ ಬಂತು. ಅದು ಈ ಹೊತ್ತಿಗೂ ಅತ್ಯಂತ ನೆಚ್ಚಿಕೆಯ ಪರೀಕ್ಷೆ. ಇದಲ್ಲದೆ ಈಗ ಅಲ್ಟ್ರಾಸೌಂಡಿನಿಂದಲೂ, ದೊಡ್ಡ ನಗರಗಳಲ್ಲಿ ಎರಡು ಶಕ್ತಿಯ ಸಿ. ಟಿ. ಸ್ಕ್ಯಾನಿನಿಂದಲೂ ಹರಳಿನ ಸಂಗ್ರಹವನ್ನು ಚರ್ಮ ಚುಚ್ಚದೆ ಕಾಣಬಹುದಾಗಿದೆ.

ಇಲ್ಲಿ ಎರಡು ಮಾತುಗಳನ್ನು ವಾಚಕರು ಗಮನಿಸಬೇಕು. ನೋವಿನ ದಿನವೇ ರಕ್ತ ತೋರಿಸಿದರೆ ಯೂರಿಕ್ ಆಮ್ಲ ಸರಿಯಾದ ಅಂಕಿಯಲ್ಲಿಯೇ ಕಾಣಿಸಬಹುದು. ಅದರಿಂದ ಗೌಟ್ ಇಲ್ಲವೆಂದು ತಿಳಿಯಬಾರದು, ಎರಡು ವಾರಗಳ ನಂತರ ಮತ್ತೆ ತೋರಿಸಬೇಕು. ಇದಕ್ಕೆ ವಿರುದ್ಧವಾಗಿ, ಯಾವ ನೋವೂ ಇಲ್ಲದವನ ರಕ್ತದಲ್ಲಿ ಅಂಕಿ ಸ್ವಲ್ಪ ಹೆಚ್ಚು ಕಂಡಿತೆಂದು ಮಾತ್ರೆ ನುಂಗತೊಡಗುವುದೂ ತಪ್ಪು. ಅಂಥವರಲ್ಲಿ ಬಹಳ ಜನಕ್ಕೆ ಗೌಟ್ ಬರುವುದೇ ಇಲ್ಲ. ಈಗ ಊರೂರಿಗೆ ಬಂದಿರುವ ರಕ್ತಪರೀಕ್ಷೆಯ ‘ಪ್ಯಾಕೇಜು’ಗಳಿಂದ ಈ ಎರಡನೆಯ ತಪ್ಪು ಹೆಚ್ಚಾಗುತ್ತಿದೆಯೆಂದು ನಮ್ಮ ಅನುಮಾನ. ಜ್ವರದೊಡನೆ ಒಂದೇ ಕೀಲು ಊದಿದ್ದರೆ ಅದು ಕೀವಿನ ಸೋಂಕೂ ಆಗಿರಬಹುದು. ಆಗ ಮನೆಮದ್ದಿನಲ್ಲಿ ಒಂದು ದಿನವನ್ನೂ ಕಳೆಯಬಾರದು.

ಗೌರಿಯ ಹೂವು, ಗೌರಿಯ ವಿಷ

ನೋವಿನ ಸಮಯಕ್ಕೆ ಇಂದು ವೈದ್ಯರ ಕೈಯಲ್ಲಿ ಮುಖ್ಯವಾಗಿ ಮೂರು ಬಗೆಯ ಔಷಧಗಳಿವೆ: ಉರಿಯೂತ ತಗ್ಗಿಸುವ ನೋವಿನ ಮಾತ್ರೆಗಳು, ಸ್ಟೀರಾಯಿಡು, ಕಾಲ್ಚಿಸಿನ್. ಮೂರರಲ್ಲಿ ಯಾವುದು ಯಾರಿಗೆ ಎಂಬುದು ಅವರವರ ಮೂತ್ರಪಿಂಡ, ಹೃದಯ, ಹೊಟ್ಟೆ, ಸಕ್ಕರೆರೋಗ ಇವನ್ನು ನೋಡಿ ನಿರ್ಧರಿಸತಕ್ಕದ್ದು. ಮೂತ್ರಪಿಂಡ ದುರ್ಬಲವಾದವರಿಗೆ ಡೈಕ್ಲೋಫೆನಾಕ್ ಮೊದಲಾದ ಮಾತ್ರೆಗಳು ಗಾಯದ ಮೇಲೆ ಬರೆ. ಯೂರಿಕ್ ಆಮ್ಲವನ್ನು ಹೊರಹಾಕಬೇಕಾದ ಅಂಗವನ್ನೇ ಅವು ಕೆಡಿಸುತ್ತವೆ. ನಮ್ಮ ಮನೆಯಲ್ಲಿ ಆದದ್ದು ಇದೇ. ಹೆಸರಿಲ್ಲದ ಪುಡಿಯಲ್ಲಿ ಸ್ಟೀರಾಯಿಡು ಇತ್ತೆಂದು ವೈದ್ಯರು ಮುಖ ನೋಡಿಯೇ ಹೇಳಿದರು. ಸ್ಟೀರಾಯಿಡು ಕೆಟ್ಟದ್ದೆಂದಲ್ಲ, ನಾಲ್ಕೈದು ದಿನ, ಅಳತೆಯಲ್ಲಿ, ವೈದ್ಯರ ಕಣ್ಣಳವಿಯಲ್ಲಿ ಕೊಟ್ಟರೆ ಅದು ಬಹಳ ಒಳ್ಳೆಯ ಔಷಧ. ಕದ್ದು ಬೆರೆಸಿ ವರ್ಷಗಟ್ಟಲೆ ಕೊಟ್ಟರೆ ಎಲುಬನ್ನು ಟೊಳ್ಳು ಮಾಡುತ್ತದೆ, ಸಕ್ಕರೆರೋಗವನ್ನು ತರುತ್ತದೆ.

ಕಾಲ್ಚಿಸಿನ್ ಔಷಧದ ಕಥೆ ಮಾತ್ರ ಸ್ವಾರಸ್ಯವಾದದ್ದು. ಕಾಲ್ಚಿಕಮ್ ಎಂಬ, ಕೇಸರಿಯ ಹೂವನ್ನು ಹೋಲುವ ಗಿಡದ ಗೆಡ್ಡೆಯನ್ನು ಆರನೆಯ ಶತಮಾನದಲ್ಲಿಯೇ ಟ್ರಾಲ್ಲಿಸಿನ ಅಲೆಕ್ಸಾಂಡರನೆಂಬ ವೈದ್ಯ ಗೌಟಿಗೆ ಕೊಡುತ್ತಿದ್ದನಂತೆ. ಅದರ ಸಾರವನ್ನು ೧೮೨೦ರಲ್ಲಿ ಫ್ರಾನ್ಸಿನ ಪೆಲೆಟಿಯೆ ಮತ್ತು ಕಾವಾಂಟೂ ಬೇರ್ಪಡಿಸಿದರು. ಅದೇ ವಸ್ತು ನಮ್ಮ ನೆಲದ ಒಂದು ಬಳ್ಳಿಯಲ್ಲಿಯೂ ಇದೆಯೆಂಬುದನ್ನು ನಮ್ಮಲ್ಲಿ ಎಷ್ಟು ಜನ ಬಲ್ಲರು? ಶ್ರಾವಣ ಭಾದ್ರಪದಗಳಲ್ಲಿ ಸಹ್ಯಾದ್ರಿಯ ಸೆರಗಿನ ಬೇಲಿಗಳ ಮೇಲೆ ಬೆಂಕಿಯ ನಾಲಗೆಯಂತೆ ಕೆಂಪು ಹಳದಿ ಎಸಳುಗಳನ್ನು ಮೇಲಕ್ಕೆ ಚಾಚಿ ಅರಳುವ ಅಗ್ನಿಶಿಖೆಯೇ ಆ ಬಳ್ಳಿ. ಕನ್ನಡದಲ್ಲಿ ಗೌರಿ ಹೂ ಎಂದೂ, ಮರಾಠಿಯಲ್ಲಿ ಕಳಲಾವಿ ಎಂದೂ, ಇನ್ನೂ ಅಂದವಾಗಿ ‘ಗೌರೀಚೇ ಹಾತ್’ ಎಂದೂ ಇದನ್ನು ಕರೆಯುತ್ತಾರೆ. ತಮಿಳುನಾಡಿನ ರಾಜ್ಯಪುಷ್ಪ ಇದೇ. ಅಲ್ಲಿಯ ರೈತರು ಔಷಧದ ಕಾರಖಾನೆಗಳಿಗಾಗಿ ಇದರ ಬೀಜವನ್ನು ಬೆಳೆಯುತ್ತಾರೆ. ಆದರೆ ಗಿಡದ ಪ್ರತಿಯೊಂದು ಅಂಗವೂ, ವಿಶೇಷವಾಗಿ ಗೆಡ್ಡೆಯು, ಘೋರ ವಿಷ. ಗೆಣಸೆಂದು ಬಗೆದು ತಿಂದವರು ಸತ್ತದ್ದುಂಟು. ‘ಗೌಟಿನ ಮಾತ್ರೆ ಇದರಿಂದಲೇ ಆಗುತ್ತದೆ’ ಎಂಬ ಮಾತು ಕೇಳಿ ಯಾರೂ ಬಳ್ಳಿಯ ಬುಡ ಅಗೆಯಲು ಹೋಗಬಾರದೆಂದು ಕೈಮುಗಿದು ಹೇಳುತ್ತೇವೆ. ಔಷಧಕ್ಕೂ ವಿಷಕ್ಕೂ ನಡುವಣ ಅಂತರ ಈ ವಸ್ತುವಿನಲ್ಲಿ ಕೂದಲೆಳೆಯಷ್ಟು.

ಆ ಅಂತರ ಎಷ್ಟು ಕಿರಿದೆಂಬುದು ಮಾತ್ರೆಯ ವಿಷಯದಲ್ಲಿಯೂ ತಡವಾಗಿ ತಿಳಿಯಿತು. ಹಿಂದೆ ನೋವು ನಿಲ್ಲುವವರೆಗೆ ಅಥವಾ ಭೇದಿ ಆರಂಭವಾಗುವವರೆಗೆ ತಾಸಿಗೊಂದರಂತೆ ಕೊಡುವುದೇ ಪದ್ಧತಿಯಾಗಿತ್ತು. ೨೦೧೦ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆರು ತಾಸುಗಳಲ್ಲಿ ೪.೮ ಮಿಲಿಗ್ರಾಂ ಕೊಟ್ಟದ್ದಕ್ಕೂ ಒಂದೇ ತಾಸಿನಲ್ಲಿ ೧.೮ ಮಿಲಿಗ್ರಾಂ ಕೊಟ್ಟು ನಿಲ್ಲಿಸಿದ್ದಕ್ಕೂ ಗುಣದಲ್ಲಿ ಭೇದ ಕಾಣಲಿಲ್ಲ. ಭೇದಿಯಾದವರು ಮಾತ್ರ ಮೊದಲನೆಯದರಲ್ಲಿ ನೂರಕ್ಕೆ ೭೭, ಎರಡನೆಯದರಲ್ಲಿ ೨೩. ಅಂದಿನಿಂದ ಕಡಿಮೆ ಅಳತೆಯೇ ರೂಢಿ. ಮೂತ್ರಪಿಂಡ ಕುಗ್ಗಿದವರಿಗೆ ಇದಕ್ಕೂ ಕಡಿಮೆ ಬೇಕು. ಕ್ಲಾರಿಥ್ರೊಮೈಸಿನ್‌ನಂಥ ಕೆಲವು ಔಷಧಗಳ ಜೊತೆಗೆ ಇದು ಪ್ರಾಣಕ್ಕೆ ಅಪಾಯ. ಈ ಅಂಕಿಗಳನ್ನು ನಾವು ಕೊಟ್ಟದ್ದು ತಿಳಿವಳಿಕೆಗೆ, ಅಂಗಡಿಯಲ್ಲಿ ತೋರಿಸಿ ಮಾತ್ರೆ ಕೊಳ್ಳುವುದಕ್ಕಲ್ಲ. ಈ ಮೂರು ಬಗೆಯೂ ಆಗದ ಕೆಲವರಿಗಾಗಿ ಇಂಟರ್‌ಲ್ಯೂಕಿನ್ನನ್ನೇ ತಡೆಯುವ ಕನಾಕಿನುಮಾಬ್ ಎಂಬ ಸೂಜಿಗೆ ಅಮೆರಿಕದಲ್ಲಿ ೨೦೨೩ರಲ್ಲಿ ಒಪ್ಪಿಗೆ ಸಿಕ್ಕಿದೆ. ಅದರ ಬೆಲೆ ನಮ್ಮಂಥವರ ಕೈಗೆ ಎಟುಕುವುದಲ್ಲ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಎಲ್ಲರಿಗೂ ಎಟುಕುತ್ತದೆ, ಅದರಿಂದ ನಿಜವಾಗಿಯೂ ಉಪಶಮನವಿದೆ.

ಎರಡು ಡಬ್ಬಿಗಳು

ಇಷ್ಟು ಕೇವಲ ಬೆಂಕಿ ಆರಿಸುವ ಮಾತಾಯಿತು. ಹರಳು ಕರಗಿಸುವ ಔಷಧದ ಹೆಸರು ಅಲೊಪ್ಯೂರಿನಾಲ್. ಇದರ ಹಿಂದೆ ಒಬ್ಬ ಮಹಿಳೆಯ ಸಾಧನೆಯಿದೆ. ನ್ಯೂಯಾರ್ಕಿನಲ್ಲಿ ೧೯೧೮ರಲ್ಲಿ ಜನಿಸಿದ ಗರ್ಟ್ರೂಡ್ ಎಲಿಯನ್ ತನ್ನ ಹದಿನೈದನೆಯ ವಯಸ್ಸಿನಲ್ಲಿ ಅಜ್ಜ ಕ್ಯಾನ್ಸರಿನಿಂದ ಸಾಯುವುದನ್ನು ಕಂಡು ರಸಾಯನಶಾಸ್ತ್ರ ಓದಿದಳು. ಹೆಣ್ಣೆಂಬ ಕಾರಣಕ್ಕೆ ಪ್ರಯೋಗಶಾಲೆಗಳ ಬಾಗಿಲು ಬಹುಕಾಲ ತೆರೆಯಲಿಲ್ಲ. ೧೯೪೪ರಲ್ಲಿ ಬರೋಸ್ ವೆಲ್‌ಕಮ್ ಸಂಸ್ಥೆಯಲ್ಲಿ ಜಾರ್ಜ್ ಹಿಚಿಂಗ್ಸರ ಕೈಕೆಳಗೆ ಕೆಲಸ ಸಿಕ್ಕಿತು. ರಕ್ತದ ಕ್ಯಾನ್ಸರಿಗೆ ಅವರು ಕಂಡುಹಿಡಿದ ಔಷಧವನ್ನು ದೇಹದ ಒಂದು ಕಿಣ್ವ ಬೇಗನೆ ಹಾಳುಮಾಡುತ್ತಿತ್ತು. ಆ ಕಿಣ್ವವನ್ನು ತಡೆಯಲೆಂದು ಪ್ರಯೋಗಿಸಿದ್ದೇ ಅಲೊಪ್ಯೂರಿನಾಲ್. ಯೂರಿಕ್ ಆಮ್ಲವನ್ನು ತಯಾರಿಸುವುದೂ ಅದೇ ಕಿಣ್ವವಾದ್ದರಿಂದ ಆ ರೋಗಿಗಳ ಯೂರಿಕ್ ಆಮ್ಲ ಇಳಿದದ್ದು ಕಂಡುಬಂತು. ೧೯೬೩ರಲ್ಲಿ ಗೌಟಿನ ಮೇಲೆ ಪ್ರಯೋಗದ ವರದಿ ಬಂತು, ೧೯೬೬ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ದೊರೆಯಿತು. ಪಿಎಚ್.ಡಿ. ಮುಗಿಸದ ಈ ವಿದುಷಿಗೆ ೧೯೮೮ರಲ್ಲಿ ಹಿಚಿಂಗ್ಸ್ ಮತ್ತು ಜೇಮ್ಸ್ ಬ್ಲ್ಯಾಕ್ ಅವರೊಡನೆ ನೋಬೆಲ್ ಪಾರಿತೋಷಕ ಬಂದಿತು.

ಅರವತ್ತು ವರ್ಷ ಹಳೆಯದಾದ ಈ ಅಗ್ಗದ ಮಾತ್ರೆಯೇ ಇಂದಿಗೂ ಮೊದಲ ಆಯ್ಕೆ. ಹೊಸದಾದದ್ದು ಮಾತ್ರೆಯಲ್ಲ, ಕೊಡುವ ಬಗೆ. ದಿನಕ್ಕೆ ೧೦೦ ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಯಿಂದ ಆರಂಭಿಸಿ, ಕೆಲವು ವಾರಗಳಿಗೊಮ್ಮೆ ರಕ್ತ ನೋಡುತ್ತ, ಅಂಕಿ ೬ಕ್ಕಿಂತ ಕೆಳಗೆ ಬರುವವರೆಗೆ ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಹೋಗಬೇಕು. ಗಂಟುಗಳಿದ್ದರೆ ೫ಕ್ಕಿಂತಲೂ ಕೆಳಗೆ ತರುವುದು ಲೇಸೆಂದು ಹಲವು ತಜ್ಞರ ಮತ. ಅಲೊಪ್ಯೂರಿನಾಲ್ ಆರಂಭಿಸಿದ ಮೊದಲ ತಿಂಗಳುಗಳಲ್ಲಿ ಹರಳು ಕದಲತೊಡಗಿ ನೋವು ಮತ್ತೆಮತ್ತೆ ಬರಬಹುದು. ‘ಔಷಧದಿಂದಲೇ ರೋಗ ಹೆಚ್ಚಾಯಿತು’ ಎಂದು ಅರ್ಧಕ್ಕರ್ಧ ಜನ ಬಿಡುವುದು ಇಲ್ಲಿಯೇ. ಇದನ್ನು ತಡೆಯಲೆಂದು ಮೂರರಿಂದ ಆರು ತಿಂಗಳು ಕಾಲ್ಚಿಸಿನ್ನನ್ನು ಸಣ್ಣ ಅಳತೆಯಲ್ಲಿ ಜೊತೆಗೆ ಕೊಡುತ್ತಾರೆ.

ಬಿಡುವುದೆಂದರೆ ನೆನಪಾಯಿತು. ನಮ್ಮ ಸೋದರಮಾವನವರಿಗೆ ಅಲೊಪ್ಯೂರಿನಾಲನ್ನು ಹನ್ನೊಂದನೆಯ ವರ್ಷ ಮೊದಲ ಸಲ ಬರೆದದ್ದಲ್ಲ. ನಾಲ್ಕನೆಯ ವರ್ಷವೇ ಒಬ್ಬ ವೈದ್ಯರು ಬರೆದುಕೊಟ್ಟಿದ್ದರು. ಹಳೆಯ ಚೀಟಿ ಮನೆಯ ಟ್ರಂಕಿನಲ್ಲಿ ಸಿಕ್ಕಿತು. ಅದರಲ್ಲಿ ಎರಡು ಮಾತ್ರೆ. ಒಂದು ದುಃಖವಾದಾಗ, ಒಂದು ದಿನಾಲೂ. ಚೀಟಿ ಇಂಗ್ಲಿಷಿನಲ್ಲಿ, ವೈದ್ಯರ ವಿವರಣೆ ಮರಾಠಿಯಲ್ಲಿ, ಮನೆಗೆ ಬಂದು ಅತ್ತೆಯವರಿಗೆ ಒಪ್ಪಿಸಿದ್ದು ಕನ್ನಡದಲ್ಲಿ. ಮೂರು ಭಾಷೆ ದಾಟುವಷ್ಟರಲ್ಲಿ ಎರಡೂ ಮಾತ್ರೆ ‘ನೋವಾದಾಗ’ ಎಂದಾಗಿಬಿಟ್ಟಿತ್ತು. ನೋವಿಲ್ಲದ ದಿನ ಮಾತ್ರೆ ನುಂಗುವುದು ಅವರ ಲೆಕ್ಕದಲ್ಲಿ ಹಣದ ಹಾನಿ. ಗಡಿಯಲ್ಲಿ ಬಾಳುವ ನಾವು ಎರಡು ಭಾಷೆ ಬಲ್ಲೆವೆಂದು ಬೀಗುವುದುಂಟು. ಎರಡರ ನಡುವೆ ಏಳು ವರ್ಷ ಕಳೆದುಹೋದದ್ದು ನಮಗೆ ಗೊತ್ತೇ ಆಗಲಿಲ್ಲ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲವೆಂಬುದಕ್ಕೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಿಂದ ಆಧಾರವಿದೆ. ಅಲ್ಲಿ ೫೧೭ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಎಂದಿನಂತೆ ಅವರವರ ವೈದ್ಯರಿಗೆ ಬಿಟ್ಟರು. ಇನ್ನೊಂದು ಗುಂಪಿಗೆ ತರಬೇತಿ ಪಡೆದ ದಾದಿಯರು ರೋಗವೆಂದರೇನು, ಮಾತ್ರೆ ಏಕೆ, ಅಂಕಿ ಎಷ್ಟಿರಬೇಕು ಎಂದು ಸಾವಕಾಶವಾಗಿ ತಿಳಿಸಿ ಹೇಳಿ, ಬೆನ್ನುಹತ್ತಿ ನೋಡಿಕೊಂಡರು. ಔಷಧಗಳು ಅವೇ. ಎರಡು ವರ್ಷಗಳ ಬಳಿಕ ಅಂಕಿ ೬ರ ಕೆಳಗೆ ಇಳಿದವರು ದಾದಿಯರ ಗುಂಪಿನಲ್ಲಿ ನೂರಕ್ಕೆ ೯೫, ಇನ್ನೊಂದರಲ್ಲಿ ೩೦. ೨೦೧೮ರಲ್ಲಿ ಪ್ರಕಟವಾದ ಈ ಫಲಿತಾಂಶ ನಮ್ಮ ದೃಷ್ಟಿಯಲ್ಲಿ ಯಾವ ಹೊಸ ಸೂಜಿಗಿಂತಲೂ ದೊಡ್ಡ ಸುದ್ದಿ.

ಅಲೊಪ್ಯೂರಿನಾಲಿಗೂ ಒಂದು ಅಪಾಯವಿದೆ. ಬಹಳ ವಿರಳವಾಗಿ, ಬಹುಶಃ ಮೊದಲ ಕೆಲವು ವಾರಗಳಲ್ಲಿ, ಮೈಯೆಲ್ಲ ದದ್ದು, ಜ್ವರ, ಬಾಯಿಹುಣ್ಣು ಬಂದು ಪ್ರಾಣಕ್ಕೇ ಎರವಾಗಬಹುದು. ದದ್ದು ಕಂಡ ದಿನವೇ ಮಾತ್ರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಚೀನಾ, ಕೊರಿಯಾ, ಥಾಯ್ಲೆಂಡ್ ಮೂಲದವರಲ್ಲಿ ಹೆಚ್ಚಾಗಿ ಕಾಣುವ ಒಂದು ವಂಶಗುಣ ಇದಕ್ಕೆ ಕಾರಣವೆಂದು ತಿಳಿದಿದ್ದು, ಅಂಥವರಲ್ಲಿ ಮುಂಚಿತವಾಗಿಯೇ ಪರೀಕ್ಷೆ ಮಾಡುತ್ತಾರೆ. ಅಲೊಪ್ಯೂರಿನಾಲ್ ಒಗ್ಗದವರಿಗೆ ಫೆಬುಕ್ಸೊಸ್ಟಾಟ್ ಇದೆ. ಹೃದ್ರೋಗಿಗಳಲ್ಲಿ ಅದರಿಂದ ಸಾವು ಹೆಚ್ಚೇನೋ ಎಂಬ ಶಂಕೆ ೨೦೧೮ರ ಒಂದು ಅಧ್ಯಯನದಿಂದ ಎದ್ದು, ೨೦೧೯ರಲ್ಲಿ ಅಮೆರಿಕ ಸರಕಾರ ಕಟ್ಟೆಚ್ಚರಿಕೆ ಹಾಕಿಸಿತು. ೨೦೨೦ರಲ್ಲಿ ಯುರೋಪಿನ ಇನ್ನೊಂದು ಅಧ್ಯಯನ ಅಂಥ ಹೆಚ್ಚಳ ಕಾಣಲಿಲ್ಲವೆಂದಿತು. ಹೃದಯದ ತೊಂದರೆಯಿದ್ದವರು ವೈದ್ಯರಿಗೆ ಅದನ್ನು ಮರೆಯದೆ ಹೇಳಿದರೆ ಸಾಕು. ಮನುಷ್ಯ ಕಳೆದುಕೊಂಡ ಯೂರಿಕೇಸನ್ನೇ ಸೂಜಿಯಿಂದ ಕೊಡುವ ಪೆಗ್ಲೊಟಿಕೇಸ್ ೨೦೧೦ರಲ್ಲಿ ಬಂದಿದೆ, ಅದು ಕೈಮೀರಿದ ರೋಗಕ್ಕೆ ಮಾತ್ರ.

ಜೊತೆಗೆ ಬರುವ ನೆಂಟರು

ಗೌಟ್ ಒಂಟಿಯಾಗಿ ಬರುವುದು ಕಡಿಮೆ. ರಕ್ತದೊತ್ತಡ, ಸಕ್ಕರೆರೋಗ, ಬೊಜ್ಜು, ಮೂತ್ರದ ಕಲ್ಲು, ಮೂತ್ರಪಿಂಡದ ದೌರ್ಬಲ್ಯ, ಹೃದ್ರೋಗ ಇವುಗಳಲ್ಲಿ ಒಂದೆರಡಾದರೂ ಜೊತೆಗಿರುತ್ತವೆ. ಆದ್ದರಿಂದ ಹೆಬ್ಬೆರಳು ಊದಿದವನು ರಕ್ತದೊತ್ತಡ, ಸಕ್ಕರೆ, ಕ್ರಿಯಾಟಿನಿನ್ ಇವಿಷ್ಟನ್ನು ಅದೇ ವಾರ ತೋರಿಸಿಕೊಳ್ಳಬೇಕು. ಕೆಲವೊಮ್ಮೆ ಒಂದರ ಔಷಧ ಇನ್ನೊಂದಕ್ಕೆ ಕಾರಣ. ನಮ್ಮ ಸೋದರಮಾವನವರು ರಕ್ತದೊತ್ತಡಕ್ಕೆಂದು ತೆಗೆದುಕೊಳ್ಳುತ್ತಿದ್ದ, ಮೂತ್ರ ಹೆಚ್ಚಿಸುವ ಥಯಜೈಡ್ ಜಾತಿಯ ಮಾತ್ರೆಯೇ ಯೂರಿಕ್ ಆಮ್ಲವನ್ನು ಏರಿಸುವಂಥದ್ದು. ವೈದ್ಯರು ಅದರ ಬದಲು ಲೊಸಾರ್ಟಾನ್ ಕೊಟ್ಟರು. ಅದು ಒತ್ತಡದ ಜೊತೆಗೆ ಯೂರಿಕ್ ಆಮ್ಲವನ್ನೂ ತುಸು ಇಳಿಸುತ್ತದೆ. ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಎಂಪಾಗ್ಲಿಫ್ಲೊಜಿನ್‌ನಂಥ ಹೊಸ ಮಾತ್ರೆಗಳಿಗೂ ಇದೇ ಗುಣವಿದೆ. ಹೃದಯಕ್ಕೆಂದು ಕೊಟ್ಟ ಸಣ್ಣ ಆಸ್ಪಿರಿನ್ ತುಸು ಏರಿಸುತ್ತದೆ, ಆದರೆ ಅದನ್ನು ಸ್ವಂತ ಬುದ್ಧಿಯಿಂದ ಬಿಡುವುದು ದೊಡ್ಡ ಅಪಾಯ. ಹೆಂಗಸರಿಗೆ ಮುಟ್ಟು ನಿಲ್ಲುವವರೆಗೆ ಗೌಟ್ ಅಪರೂಪವೆಂದು ಹಿಪೊಕ್ರೆಟಿಸನೇ ಹೇಳಿದ್ದಾನೆ. ನಿಂತ ಮೇಲೆ, ಅದರಲ್ಲಿಯೂ ಇಂಥ ಮೂತ್ರದ ಮಾತ್ರೆ ತೆಗೆದುಕೊಳ್ಳುವ ಅಜ್ಜಿಯರಲ್ಲಿ, ಅದು ಬೆರಳಗಂಟುಗಳಲ್ಲಿ ಬಂದು ಮುಪ್ಪಿನ ನೋವೆಂದು ಎಣಿಕೆಯಾಗಿ ಹೋಗುತ್ತದೆ.

ಬೆಳ್ಳಿಯ ಊರಾದ್ದರಿಂದ ಇನ್ನೊಂದು ಮಾತು. ಬೆಳ್ಳಿಯನ್ನು ಸೀಸದೊಡನೆ ಕರಗಿಸಿ ಶುದ್ಧಮಾಡುವ ಪದ್ಧತಿ ಜಗತ್ತಿನಲ್ಲಿ ಸಾವಿರಾರು ವರ್ಷ ಹಳೆಯದು. ಸೀಸದ ಹೊಗೆ ದೇಹಕ್ಕೆ ಸೇರಿದರೆ ಮೂತ್ರಪಿಂಡ ಯೂರಿಕ್ ಆಮ್ಲವನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಮೇಲೆ ಹೇಳಿದ ಡಾ. ಗ್ಯಾರಡ್ ತನ್ನ ಆಸ್ಪತ್ರೆಯ ಗೌಟ್ ರೋಗಿಗಳಲ್ಲಿ ಬಣ್ಣಗಾರರು ಮತ್ತು ಸೀಸದ ಕೊಳವೆ ಕೂಡಿಸುವವರು ಬಹಳವಿರುವುದನ್ನು ಗುರುತಿಸಿದ್ದನು. ಎಲ್ಲೆಲ್ಲಿ ಸೀಸದ ಕೆಲಸವಿದೆಯೋ ಅಲ್ಲಿಯ ಕಾರಾಗೀರನು ತನ್ನ ಕಸುಬನ್ನು ವೈದ್ಯರಿಗೆ ತಾನಾಗಿಯೇ ಹೇಳಬೇಕು. ವೈದ್ಯರು ಕೇಳುವುದನ್ನು ಮರೆಯಬಹುದು.

ಇನ್ನು ಪಥ್ಯ. ನಮ್ಮಲ್ಲಿ ಗೌಟ್ ಎಂದೊಡನೆ ಮೊದಲು ಬೀಳುವ ಕಡಿವಾಣ ತೊಗರಿಬೇಳೆಗೆ, ಆಮೇಲೆ ಪಾಲಕಕ್ಕೆ. ಬಡವನ ತಾಟಿನಲ್ಲಿದ್ದ ಒಂದೇ ಸಾರವನ್ನೂ ಕಿತ್ತುಕೊಂಡಂತೆ. ಅಮೆರಿಕದಲ್ಲಿ ೪೭,೧೫೦ ಪುರುಷರನ್ನು ಹನ್ನೆರಡು ವರ್ಷ ಗಮನಿಸಿ ೨೦೦೪ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾಂಸ ಮೀನುಗಳಿಂದ ಗೌಟ್ ಹೆಚ್ಚಾದದ್ದು ನಿಜ. ಪ್ಯೂರೀನ್ ಹೆಚ್ಚಿರುವ ತರಕಾರಿ ಕಾಳುಗಳಿಂದ ಹೆಚ್ಚಾಗಲಿಲ್ಲ, ಹಾಲು ಮಜ್ಜಿಗೆಯವರಲ್ಲಿ ಕಡಿಮೆಯಾಯಿತು. ಆದ್ದರಿಂದ ಕೊಲ್ಹಾಪುರದ ತಾಂಬಡಾ ರಸ್ಸಾ ಪಾಂಢರಾ ರಸ್ಸಾಗಳನ್ನು ಬಟ್ಟಲುಗಟ್ಟಲೆ ಸುರಿಯುವವರು ಕೈ ಹಿಡಿಯಬೇಕು. ಪಿತ್ತಜನಕಾಂಗ, ಮೂತ್ರಪಿಂಡ ಮೊದಲಾದ ಒಳಮಾಂಸ, ಬಿಯರು ಇವಂತೂ ವರ್ಜ್ಯ. ಬೇಳೆ ಮಜ್ಜಿಗೆಗಳಿಗೆ ಅಡ್ಡಿಯಿಲ್ಲ. ಯಾರೂ ಅನುಮಾನಿಸದ ಆರೋಪಿ ಇನ್ನೊಬ್ಬನಿದ್ದಾನೆ, ಅವನು ಸಕ್ಕರೆ. ಸಕ್ಕರೆಯ ಅರ್ಧಪಾಲು ಫ್ರುಕ್ಟೋಸ್. ಅದು ಯಕೃತ್ತಿನಲ್ಲಿ ಒಡೆಯುವಾಗ ಯೂರಿಕ್ ಆಮ್ಲ ಹುಟ್ಟುತ್ತದೆ. ಬೆಲ್ಲವೂ ಬಹುಪಾಲು ಅದೇ ಸಕ್ಕರೆ. ಬೆಲ್ಲಕ್ಕೆ ಹೆಸರಾದ ಜಿಲ್ಲೆಯಲ್ಲಿ ಕುಳಿತು ಹೀಗೆ ಬರೆಯುವುದು ಧೈರ್ಯದ ಕೆಲಸವೇ ಸರಿ! ದಿನಕ್ಕೆ ಎಂಟು ಕಪ್ಪು ಸಿಹಿ ಚಹಾ, ನಡುವೆ ತಂಪು ಪಾನೀಯ. ಸೋದರಮಾವನವರ ‘ಮಾಂಸ’ ಇದೇ ಆಗಿತ್ತು. ನೀರೂ ಇಲ್ಲದ ದೀರ್ಘ ಉಪವಾಸವೂ ಯೂರಿಕ್ ಆಮ್ಲವನ್ನು ಏರಿಸಿ ನೋವನ್ನು ಕೆರಳಿಸಬಲ್ಲದು. ವ್ರತನಿಷ್ಠರು ಮೊದಲೇ ವೈದ್ಯರೊಡನೆ ಮಾತಾಡಿಕೊಳ್ಳಬೇಕು. ಇಷ್ಟೆಲ್ಲ ಮಾಡಿದರೂ ಪಥ್ಯವೊಂದರಿಂದಲೇ ಅಂಕಿ ಹೆಚ್ಚೆಂದರೆ ಒಂದು ಮಿಲಿಗ್ರಾಂ ಇಳಿದೀತು. ೯.೪ನ್ನು ೬ಕ್ಕೆ ತರಲು ಅದು ಸಾಲದು.

ಸೋದರಮಾವನವರ ಮೊಮ್ಮಗಳು ಈಗ ಎರಡು ಡಬ್ಬಿಗಳ ಮೇಲೆ ಕನ್ನಡದಲ್ಲ್ಲಿಯೂ ಮರಾಠಿಯಲ್ಲಿಯೂ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದಾಳೆ: ‘ದಿನಾಲೂ’, ‘ನೋವಾದಾಗ’. ಡಬ್ಬಿಗಳು ಬೆಳ್ಳಿ ತೂಗುವ ತಕ್ಕಡಿಯ ಪಕ್ಕದಲ್ಲಿಯೇ ಇರುತ್ತವೆ. ಮಿಲಿಗ್ರಾಮಿನ ಲೆಕ್ಕ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮೂರು ತಿಂಗಳಿಗೊಮ್ಮೆ ಬಂದ ಅಂಕಿಯನ್ನು ಕೂಲಿಯ ವಹಿಯಲ್ಲಿಯೇ ಬರೆದಿಡುತ್ತಾರೆ: ೯.೪, ೮.೧, ೭.೦, ೬.೨, ೫.೪. ಮೊದಲ ಐದು ತಿಂಗಳಲ್ಲಿ ಎರಡು ಸಲ ಕಾಲು ಊದಿತು, ಎರಡು ಸಲವೂ ಅವರು ‘ದಿನಾಲೂ’ ಡಬ್ಬಿಯನ್ನು ಬಿಡಲಿಲ್ಲ. ಮೂತ್ರಪಿಂಡಗಳು ಮೊದಲಿನಂತಾಗಲಿಲ್ಲ, ಆಗುವುದೂ ಇಲ್ಲ. ಇಳಿಯುವುದು ನಿಂತಿದೆ ಎನ್ನುತ್ತಾರೆ ವೈದ್ಯರು. ಮೊಣಕೈಯ ಗಂಟು ಹುಣಸೆಬೀಜದಷ್ಟಾಗಿದೆ. ಕೊಲ್ಹಾಪುರಿ ಚಪ್ಪಲಿಯ ಉಂಗುಟ ಹೆಬ್ಬೆರಳಿಗೆ ಒತ್ತುತ್ತದೆಂದು ಹತ್ತು ವರ್ಷ ರಬ್ಬರಿನ ಚಪ್ಪಲಿಯಲ್ಲಿಯೇ ಕಳೆದವರು, ಕಳೆದ ದೀಪಾವಳಿಗೆ ಪೇಟೆಗೆ ನಡೆದೇ ಹೋಗಿ ತೊಗಲಿನ ಹೊಸ ಜೋಡೊಂದನ್ನು ಕೊಂಡು, ಅಂಗಡಿಯಲ್ಲಿಯೇ ಮೆಟ್ಟಿಕೊಂಡು ಮನೆಗೆ ಬಂದರು.